ತುರಾಯಿ ಇಳಿಯುವ ತನಕ

ಮೊನ್ನೆ ಕಾರವಾರದಿಂದ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಬಂದು ಕೂತ ಹುಡುಗನ ತಲೆಯಿಂದ ಜೆಲ್ಲಿನ ವಾಸನೆ ಬಂತು. ಈಗಿನ ಹುಡುಗರು ಹಚ್ಚುವುದಕ್ಕೆ ವಾಸನೆಯೇ ಇರುವುದಿಲ್ಲ. ಇವನದು ಹಳೆಯ ಕಾಲದ ಹಸಿರು ಜೆಲ್ಲು, ಸಾಬೂನಿನದೂ ಅಲ್ಲದ ಹಣ್ಣಿನದೂ ಅಲ್ಲದ ಆ ಸಿಹಿ ವಾಸನೆ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬಿಣಗಾ ದಾಟುವುದರೊಳಗೆ ಎದ್ದು ಹಿಂದಿನ ಸೀಟಿಗೆ ಹೋದೆ. ತೋಡೂರಿನ ಹತ್ತಿರ ಅಲ್ಲಿಂದಲೂ ಎದ್ದು ಮುಂದಕ್ಕೆ ಬಂದೆ. ಕಂಡಕ್ಟರ್ ಸುಮ್ಮನಿರುವವನಲ್ಲ, “ಎಂತಾ ಆಯ್ತು ಅಕ್ಕೋರೆ, ಸೀಟಲ್ಲಿ ಇರುವೆ ಅದ್ಯಾ?” ಎಂದು ಕೇಳಿದ. ಹೌದು ಮಾರಾಯಾ, ಇರುವೆ ಅದೆ ಎಂದೆ. ಅವನಿಗೆ ಮತ್ತೇನು ಹೇಳುವುದು…

ಆ ಜೆಲ್ಲಿನ ಡಬ್ಬಿಯನ್ನು ನಮ್ಮೂರು ಅವರ್ಸಾಕ್ಕೆ ಮೊದಲು ತಂದವನು ನಮ್ಮ ಪಕ್ಕದ ಮನೆಯವನು. ಅವನ ಹೆಸರು ಇಲ್ಲಿ ಬರೆಯುವುದಿಲ್ಲ. ಆ ಹೆಸರಿನ ಜೊತೆ ಈಗ ಊರಿನ ಒಂದು ಕಥೆ ಅಂಟಿಕೊಂಡಿದೆ, ಹೆಸರು ಬರೆದರೆ ಆ ಕಥೆಯೇ ಮುಂದೆ ಬಂದು ಕೂರುತ್ತದೆ. ನಾನು ಅವನಿಗಿಂತ ಎರಡು ವರ್ಷ ದೊಡ್ಡವಳು, ‘ಅಕ್ಕಾ’ ಎಂದು ಕರೆಯುತ್ತಿದ್ದ. ನಮ್ಮ ಎರಡು ಮನೆಗಳ ನಡುವೆ ಇದ್ದದ್ದು ಒಂದು ದಾಸವಾಳದ ಬೇಲಿ. ಅದರಲ್ಲೂ ಒಬ್ಬ ನುಸುಳುವಷ್ಟು ಕಿಂಡಿ ಯಾವಾಗಲೂ ಇರುತ್ತಿತ್ತು, ಏಕೆಂದರೆ ಸುತ್ತಿ ಬರುವ ತಾಳ್ಮೆ ಅವನಿಗಿರಲಿಲ್ಲ. ಊಟಕ್ಕೆ ಕೂತರೂ ಒಂದು ಕಾಲು ತಾಳ ಹಾಕುತ್ತಲೇ ಇರುತ್ತಿತ್ತು.

ಅವನ ಅಪ್ಪ ಸುಗ್ಗಿ ಮೇಳದಲ್ಲಿ ಗುಮಟೆ ಬಾರಿಸುತ್ತಿದ್ದ. ಮಣ್ಣಿನ ಮಡಕೆಗೆ ಚರ್ಮ ಬಿಗಿದ ಆ ವಾದ್ಯ ಅವರ ಮನೆಯ ಜಂತಿಗೆ ವರ್ಷವಿಡೀ ತೂಗುತ್ತಿತ್ತು. ಪದಗಳೆಲ್ಲ ಬರುತ್ತಿದ್ದದ್ದು ಮಾತ್ರ ಅವನ ಅವ್ವನಿಗೆ. ಸಸಿ ನೆಡುವ ನಟ್ಟಿ ಗದ್ದೆಯಲ್ಲಿ ಅವಳ ಹಿಂದೆ ನಿಂತು ನಾನು ಪದ ಕಲಿತೆ, ನನ್ನ ಹಿಂದೆ ನಿಂತು ಅವನು ಕಲಿತ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಅವನು ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಬೆನ್ನಿಗೆ ಗುದ್ದಿ ಹೇಳಿಕೊಟ್ಟವಳು ನಾನೇ. ಆದರೆ ಸುಗ್ಗಿ ಕುಣಿತ ಗಂಡಸರದು. ನನ್ನ ಸ್ವರ ಎಷ್ಟೇ ಚೆನ್ನಾಗಿದ್ದರೂ ನಾನು ಅಂಗಳದ ಅಂಚಿನಲ್ಲಿ ಆರತಿ ತಟ್ಟೆ ಹಿಡಿದು ನಿಲ್ಲಬೇಕಿತ್ತು. ಅವನು ಹದಿನಾರಕ್ಕೇ ತಲೆಗೆ ತುರಾಯಿ ಕಟ್ಟಿಕೊಂಡು ಕುಣಿಯುತ್ತಿದ್ದ.

ಕಾಲೇಜು ಅರ್ಧಕ್ಕೆ ಬಿಟ್ಟು ಕಾರವಾರದ ಒಂದು ಆರ್ಕೆಸ್ಟ್ರಾದಲ್ಲಿ ಹಾಡಿದ. ಅಲ್ಲಿಂದ ಮುಂಬೈಯಲ್ಲಿದ್ದ ಸೋದರಮಾವನ ಖೋಲಿಗೆ ಹೋದ. ಅಲ್ಲಿ ಒಂದು ಕ್ಯಾಸೆಟ್ ಕಂಪನಿಯವರು ಐದು ಹುಡುಗರನ್ನು ಆರಿಸಿ ಬ್ಯಾಂಡು ಕಟ್ಟುತ್ತಿದ್ದರು. ಈಗಿನವರಿಗೆ ಬಿಡಿಸಿ ಹೇಳಬೇಕು: ಬ್ಯಾಂಡು ಎಂದರೆ ವಾದ್ಯವಲ್ಲ. ಐದು ಚಂದದ ಹುಡುಗರು, ಒಂದೇ ಥರದ ಬಟ್ಟೆ, ಒಂದೇ ಸಲ ಎತ್ತುವ ಕೈ, ಒಬ್ಬೊಬ್ಬರಿಗೆ ಒಂದೊಂದು ಸಾಲು. ಒಬ್ಬ ತುಂಟ, ಒಬ್ಬ ಸಿಟ್ಟಿನವ, ಒಬ್ಬ ಓದುವವ, ಒಬ್ಬ ಎಲ್ಲರಿಗಿಂತ ಚಿಕ್ಕವ. ಇವನಿಗೆ ಸಿಕ್ಕಿದ್ದು ‘ನಾಚಿಕೆಯ ಹುಡುಗ’. ನಾಚಿಕೆಯಂತೆ! ನಮ್ಮ ಕೇರಿಯಲ್ಲಿ ಯಾರ ಮರದ ಮಾವಿನಕಾಯಿಯನ್ನೂ ಬಿಡದವನು, ಟೀವಿಯಲ್ಲಿ ಕಣ್ಣು ಕೆಳಗೆ ಮಾಡಿಕೊಂಡು ನಿಂತಿದ್ದ.

ಟೀವಿಯಲ್ಲಿ ಬಂದ ಮೊದಲ ದಿನ ನಮ್ಮ ಮನೆ ತುಂಬಿಹೋಗಿತ್ತು, ಕೇಬಲ್ಲು ಇದ್ದದ್ದು ನಮ್ಮಲ್ಲಿ ಮಾತ್ರ. ಐದೂ ಜನ ಯಾವುದೋ ಸಮುದ್ರದ ದಂಡೆಯಲ್ಲಿ ಬಿಳಿ ಅಂಗಿ ತೊಟ್ಟು ಹಿಂದಿಯಲ್ಲಿ ಹಾಡುತ್ತಿದ್ದರು. ಅವನ ಅವ್ವ ಬಹಳ ಹೊತ್ತು ನೋಡಿ, “ಕಂಪನಿಯವ್ರಿಗೆ ಅಂಗಿ ಗುಂಡಿ ಹಚ್ಚೂಕೆ ಜನ ಸಿಗ್ಲಿಲ್ವಾ?” ಎಂದಳು. ಎಲ್ಲರೂ ನಕ್ಕೆವು. ಹಾಡು ಮುಗಿದ ಮೇಲೆ ಒಬ್ಬಳು ಹುಡುಗಿ ಮೈಕು ಹಿಡಿದು ಐವರನ್ನೂ ಊರು ಕೇಳಿದಳು. ದಿಲ್ಲಿ, ಶಿಲ್ಲಾಂಗ್, ಪುಣೆ… ನಮ್ಮವನ ಸರದಿ ಬಂದಾಗ ಅವನು ‘ಗೋವಾ’ ಎಂದ. ನಮ್ಮ ನಗು ಅಲ್ಲಿಗೇ ನಿಂತಿತು. ಅವನ ಅಪ್ಪ ಎದ್ದು ಹೊರಗೆ ಹೋಗಿ ಬೀಡಿ ಹಚ್ಚಿದ.

ಮುಂದೆ ಊರಿಗೆ ಬಂದಾಗ ನಾನು ಬಿಡಲಿಲ್ಲ, ಹಿಡಿದು ಕೇಳಿದೆ. “ಕಾರವಾರ ಅಂದ್ರೆ ಅಲ್ಲಿ ಯಾರಿಗೂ ಗೊತ್ತಿಲ್ಲ ಅಕ್ಕಾ. ಅಂಕೋಲಾ ಅಂದ್ರೆ ತಿನ್ನೂದಾ ಕೇಳ್ತಾರೆ. ಕೊಂಕಣಿ ಬತ್ತದೆ ಅಲ್ಲ, ಗೋವಾ ಅನ್ನು ಹೇಳಿ ಕಂಪನಿಯವ್ರೇ ಬರ್ದು ಕೊಟ್ರು,” ಎಂದ. ಹೇಳುವಾಗಲೂ ಒಂದು ಕಡೆ ನಿಲ್ಲಲಿಲ್ಲ, ಬಾವಿಕಟ್ಟೆಯಿಂದ ಬೇಲಿಗೆ, ಬೇಲಿಯಿಂದ ಬಾವಿಕಟ್ಟೆಗೆ. ನನಗೆ ಸಿಟ್ಟು ಬಂದಿತ್ತು. ಸಿಟ್ಟು ಊರಿನ ಹೆಸರು ಬಿಟ್ಟದ್ದಕ್ಕೆ ಎಂದು ಆಗ ಅಂದುಕೊಂಡಿದ್ದೆ.

ಖರೆ ಹೇಳಬೇಕೆಂದರೆ ಅದು ಹೊಟ್ಟೆಕಿಚ್ಚು. ಆಗ ನಾನು ಹೆದ್ದಾರಿಯ ಬದಿಗೆ ಒಂದು ಟೆಲಿಫೋನ್ ಬೂತು ಇಟ್ಟುಕೊಂಡು ಕೂತಿದ್ದೆ. ಗಾಜಿನ ಪೆಟ್ಟಿಗೆ, ಕೆಂಪು ಅಂಕಿ ಓಡುವ ಮೀಟರು, ಲಾರಿಯ ಧೂಳು. ದಿನವಿಡೀ ಬೇರೆಯವರು ಮಾತಾಡುವುದನ್ನು ಕಾಯುವ ಕೆಲಸ. ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಅವನ ಕ್ಯಾಸೆಟ್ಟು ತೂಗುಹಾಕಿದ್ದರು, ಕಾಲೇಜು ಹುಡುಗಿಯರು ಅವನ ಫೋಟೋವನ್ನು ಪುಸ್ತಕಕ್ಕೆ ರಟ್ಟು ಹಾಕಿಕೊಳ್ಳುತ್ತಿದ್ದರು. ಮೊದಲ ಆಲ್ಬಮಿನಲ್ಲಿ ಅವನು ಒಂದು ಕಡೆ ಸ್ವರ ಎಳೆದು ತಟ್ಟನೆ ಬಿಡುತ್ತಾನೆ… ಅದು ನಾನು ಬೆನ್ನಿಗೆ ಗುದ್ದಿ ಕಲಿಸಿದ್ದು. ಸುಗ್ಗಿಯೂ ಹುಡುಗರದು, ಬ್ಯಾಂಡೂ ಹುಡುಗರದು. ನನಗೆ ಬೂತು.

ಇನ್ನು ಸುಗ್ಗಿಯ ಕಟ್ಟಳೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹೋಳಿ ಹುಣ್ಣಿಮೆಯ ಹತ್ತಿರ ನಮ್ಮ ಕೇರಿಯ ಗಂಡಸರು ಬೆಂಡು, ಬೇಗಡೆಯ ಹೂವುಗಳ ತುರಾಯಿಯನ್ನು ತಲೆಗೆ ಕಟ್ಟಿ, ಗುಮಟೆಯ ಪೆಟ್ಟಿಗೆ ಊರೂರಿನ ಅಂಗಳಗಳಲ್ಲಿ ಕುಣಿಯುತ್ತಾರೆ. ಮನೆಗೊಂದು ತುರಾಯಿ, ತಪ್ಪಿಸುವಂತಿಲ್ಲ. ಒಮ್ಮೆ ಕಟ್ಟಿದ ಮೇಲೆ ಐದು ದಿನ ಮನೆಗೆ ಹೋಗುವಂತಿಲ್ಲ. ಮನೆಯ, ಹೊರಗಿನ ಯಾವ ಸುದ್ದಿಯನ್ನೂ ಕೇಳುವಂತಿಲ್ಲ, ಹೇಳುವಂತಿಲ್ಲ. ನಡುವೆ ಯಾರಾದರೂ ಬಿಟ್ಟು ಹೋದರೆ ಮೇಳ ಒಡೆದಂತೆ, ಆ ವರ್ಷ ಕೇರಿಗೆ ಒಳ್ಳೆಯದಲ್ಲ. ಒಮ್ಮೆ ಒಬ್ಬನ ಹೆಂಡತಿ ಗಂಡು ಹೆತ್ತ ಸುದ್ದಿಯನ್ನೇ ಮೂರು ದಿನ ಬಾಯಲ್ಲಿ ಇಟ್ಟುಕೊಂಡು, ತುರಾಯಿ ಇಳಿದ ಮೇಲೆ ಹೇಳಿದ್ದರು. ಸುದ್ದಿಯನ್ನು ಹಾಗೆ ಇಟ್ಟುಕೊಳ್ಳುವುದು ನಮ್ಮಲ್ಲಿ ತಪ್ಪಲ್ಲ, ಮರ್ಯಾದೆ.

ಆ ವರ್ಷ ಅವನ ಅಪ್ಪನಿಗೆ ಮೊಣಕಾಲು ಹಿಡಿದುಕೊಂಡಿತ್ತು. ಮನೆಯ ತುರಾಯಿ ಹೊರುವವರಿಲ್ಲ ಎಂದು ಅವನೇ ಮುಂಬೈಯಿಂದ ಬಂದ. ಎರಡನೆಯ ಆಲ್ಬಮಿನ ಹಾಡುಗಳನ್ನು ಹಾಡಿ ಮುಗಿಸಿದ್ದಾಗಿತ್ತು, ವಿಡಿಯೋ ತೆಗೆಯುವುದಕ್ಕೆ ಇನ್ನೂ ಹದಿನೈದು ದಿನವಿತ್ತು. ಕಂಪನಿಗೆ ‘ತಂಗಿಯ ಮದುವೆ’ ಎಂದು ಹೇಳಿ ಬಂದಿದ್ದ, ಸುಗ್ಗಿ ಎಂದರೆ ಅವರಿಗೆ ಅರ್ಥವಾಗುತ್ತಿರಲಿಲ್ಲ. ಬಂದವನ ತಲೆ ಹಸಿರು ಜೆಲ್ಲಿನಿಂದ ಮುಳ್ಳುಹಂದಿಯ ಹಾಗೆ ನಿಂತಿತ್ತು. ತುರಾಯಿ ಕಟ್ಟಲು ಹೋದರೆ ಜಾರುತ್ತದೆ. ಮೇಳದ ಯಜಮಾನರು ಅಂಟುವಾಳಕಾಯಿ ಹಾಕಿ ಮೂರು ಸಲ ತಲೆ ತೊಳೆಸಿದರು. ಕೇರಿಯ ಹೆಂಗಸರೆಲ್ಲ ನಿಂತು ನಗುತ್ತಿದ್ದರು, ಅವನೂ ನಗುತ್ತಿದ್ದ. ಹೋಗುವ ಮುಂಚೆ ನನ್ನ ಬೂತಿಗೆ ಬಂದು, “ಫೋನ್ ಏನಾರೂ ಬಂದ್ರೆ ಬರ್ದಿಟ್ಕೊ ಅಕ್ಕಾ,” ಎಂದ. ಆಗ ನಮ್ಮಲ್ಲಿ ಮೊಬೈಲು ಇದ್ದವರೂ ಇಲ್ಲ, ಇದ್ದರೂ ಸಿಗ್ನಲ್ಲಿಲ್ಲ. ಕಂಪನಿಯವರ ಹತ್ತಿರ ಇದ್ದದ್ದು ನನ್ನ ನಂಬರೇ.

ಫೋನು ಎರಡನೆಯ ದಿನ ಬೆಳಗ್ಗೆ ಬಂತು. ಕಂಪನಿಯ ಮ್ಯಾನೇಜರು. ಅವನ ಹಿಂದಿ ವೇಗದ್ದು, ನನ್ನದು ದೂರದರ್ಶನದ್ದು. ಆದರೂ ತಿಳಿಯುವಷ್ಟು ತಿಳಿಯಿತು. ವಿಡಿಯೋ ತೆಗೆಯುವವರಿಗೆ ಬೇರೆ ಕೆಲಸ ಬಂದು, ಹೇಳಿದ್ದಕ್ಕಿಂತ ಮೊದಲೇ ದಿನ ಇಟ್ಟಿದ್ದಾರೆ. ಇವತ್ತು ಸಂಜೆಯ ರೈಲು ಹತ್ತಬೇಕು, ನಾಳೆ ಮಧ್ಯಾಹ್ನದೊಳಗೆ ಸ್ಟುಡಿಯೋದಲ್ಲಿರಬೇಕು. ಬರದಿದ್ದರೆ ಬೇರೆ ಹುಡುಗ ತಯಾರಿದ್ದಾನೆ. ನಾನು ಎರಡು ಸಲ ಕೇಳಿ, ಬಿಲ್ಲು ಬರುವ ಕಾಗದದ ತುಂಡಿನ ಮೇಲೆ ಬರೆದುಕೊಂಡೆ. ‘ಹೇಳ್ತೇನೆ’ ಎಂದೆ.

ಹೇಳಬೇಕೆಂದೇ ಹೊರಟೆ. ಇದನ್ನು ಮಾತ್ರ ಯಾರಾದರೂ ನಂಬಬೇಕು. ಬೂತಿಗೆ ಬೀಗ ಹಾಕಿ ಅಂಕೋಲೆಯ ಬಸ್ಸು ಹತ್ತಿದೆ. ಮೇಳ ಆ ದಿನ ಕೇಣಿಯಲ್ಲಿತ್ತು. ಬಸ್‌ಸ್ಟ್ಯಾಂಡಿನಿಂದ ಕೇಣಿಯವರೆಗೆ ಬಿಸಿಲಲ್ಲಿ ನಡೆದೆ. ದಾರಿಯುದ್ದಕ್ಕೂ ಒಣಮೀನಿನ ಚಾಪೆ ಹಾಸಿದ್ದರು, ಕಾಗೆ ಓಡಿಸುವ ಅಜ್ಜಿ “ಯಾರ ಮನೆ ಹುಡ್ಗಿಯೆ, ಹಿಂಗೆ ಓಡ್ತೆ?” ಎಂದು ಕೇಳಿದಳು. ನಾನು ಓಡುತ್ತಿದ್ದೇನೆಂದು ಅವಳು ಹೇಳಿದ ಮೇಲೆಯೇ ಗೊತ್ತಾದದ್ದು.

ಗುಮಟೆಯ ಸದ್ದು ಹಿಡಿದು ಹೋದೆ. ಒಂದು ದೊಡ್ಡ ಅಂಗಳದಲ್ಲಿ ಕುಣಿತ ಮುಗಿದು ಎಲ್ಲರೂ ನೆರಳಲ್ಲಿ ಕೂತಿದ್ದರು. ಅವನೊಬ್ಬ ನಿಂತೇ ಇದ್ದ. ನನ್ನನ್ನು ಮೊದಲು ಕಂಡದ್ದು ಯಜಮಾನರು. ಅವರಿಗೆ ನನ್ನ ಮುಖ ನೋಡಿಯೇ ಗೊತ್ತಾಯಿತು. ಹತ್ತಿರ ಬಂದು ಮೆತ್ತಗೆ, “ತಂಗೀ, ಸುದ್ದಿ ತಂದಿದ್ರೆ ನಿನ್ ಹತ್ರನೇ ಇರ್ಲಿ. ತುರಾಯಿ ಇಳೂವರಿಗೆ ಬ್ಯಾಡ. ಮೂರೇ ದಿವ್ಸ,” ಎಂದರು. ಯಾರ ಸುದ್ದಿ, ಏನು ಸುದ್ದಿ ಎಂದು ಕೇಳಲಿಲ್ಲ. ಕೇಳುವುದೂ ಕಟ್ಟಳೆಗೆ ವಿರೋಧ. ನಾನು ತಲೆಯಾಡಿಸಿದೆ.

ಎಲ್ಲವನ್ನೂ ಆ ಯಜಮಾನರ ಮೇಲೆ ಹಾಕಿ ನಾನು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಅವರು ಬೆಲ್ಲ-ನೀರು ಕುಡಿಯಲು ಒಳಗೆ ಹೋದಾಗ ಅವನೇ ನನ್ನ ಹತ್ತಿರ ಬಂದ. ತುರಾಯಿ ತಲೆಯ ಮೇಲಿತ್ತು, ಬೇಗಡೆ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಬೆವರಿನಲ್ಲಿ ಮುಖದ ಬಣ್ಣ ಇಳಿದಿತ್ತು. “ನೀ ಎಂತಕ್ ಬಂದೆ ಅಕ್ಕಾ? ನಂದು ಫೋನ್ ಬಂದಿತ್ತಾ?”

ಚೀಟಿ ನನ್ನ ಮುಷ್ಟಿಯಲ್ಲಿತ್ತು. ಸಂಜೆಯ ರೈಲಿಗೆ ಇನ್ನೂ ನಾಲ್ಕು ತಾಸು ಇತ್ತು. ಅವನು ಕಟ್ಟಳೆ ಮೀರಿ ತಾನೇ ಕೇಳಿದ್ದ, ಹೇಳಿದ್ದರೆ ದೋಷ ಅವನದಾಗುತ್ತಿತ್ತು, ನನ್ನದಲ್ಲ. ಆದರೂ ನಾನು, “ಇಲ್ಲ. ಬಂದ್ರೆ ಹೇಳೂದಿಲ್ವಾ? ಕೇಣಿಲಿ ಕೆಲಸ ಇತ್ತು, ಬಂದೆ,” ಎಂದೆ. ಯಾಕೆ ಹಾಗೆಂದೆ? ಮೇಳ ಒಡೆಯುತ್ತದೆಂಬ ಹೆದರಿಕೆ ಇತ್ತು, ಸುಳ್ಳಲ್ಲ. ಆದರೆ ಅದರ ಜೊತೆಗೇ ಇನ್ನೊಂದು ಇತ್ತು. ಒಂದು ಸಲ ಇವನೂ ಕಾಯಲಿ, ಒಂದು ಸಲ ಆ ರೈಲು ಇವನನ್ನು ಬಿಟ್ಟು ಹೋಗಲಿ ಎಂಬುದು. ಅಷ್ಟು ಸಣ್ಣ ಬುದ್ಧಿ. ಅವನು “ಹಂಗಾರೆ ಒಳ್ಳೇದಾಯ್ತು” ಎಂದು ನಕ್ಕು ಹೋದ.

ವಾಪಸು ಬರುವಾಗ ಚೀಟಿಯನ್ನು ಬಸ್ಸಿನ ಕಿಟಕಿಯಿಂದ ಬಿಟ್ಟೆ. ಮರುದಿನ ಮಧ್ಯಾಹ್ನ ಮ್ಯಾನೇಜರು ಮತ್ತೆ ಫೋನು ಮಾಡಿದ. ‘ಸಿಗಲಿಲ್ಲ’ ಎಂದೆ. ಸಂಜೆ ಮತ್ತೊಮ್ಮೆ ಮಾಡಿದ. ನಾನು ಎತ್ತಲಿಲ್ಲ, ಅದು ಹೊಡೆದುಕೊಂಡು ಹೊಡೆದುಕೊಂಡು ತಾನೇ ನಿಂತಿತು. ಆಮೇಲೆ ಬರಲಿಲ್ಲ. ಫೋನು ಬಾರದೆ ಇದ್ದ ಆ ಎರಡು ದಿನ ನಾನು ಬೂತಿನಲ್ಲಿ ಕೂತದ್ದಕ್ಕಿಂತ ರಸ್ತೆಯಲ್ಲಿ ನಿಂತದ್ದೇ ಹೆಚ್ಚು.

ತುರಾಯಿ ಇಳಿದ ದಿನ ಅವನು ಸ್ನಾನ ಮಾಡಿ, ತಲೆಗೆ ಜೆಲ್ಲು ಹಚ್ಚಿಕೊಂಡು, ಮೊದಲು ಬಂದದ್ದು ನನ್ನ ಬೂತಿಗೆ. ಗಾಜಿನ ಬಾಗಿಲು ಎಳೆದುಕೊಂಡು ಮುಂಬೈಗೆ ಹಚ್ಚಿದ. ಒಳಗಿನ ಮಾತು ಹೊರಗೆ ಕೇಳುವುದಿಲ್ಲ, ಆದರೆ ಕಾಲು ಕಾಣುತ್ತದೆ. ಅವನ ಕಾಲಿನ ತಾಳ ನಿಂತದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ. ಹೊರಗೆ ಬಂದು, “ಬೇರೆಯವ್ನ ಹಾಕ್ಕಂಡ್ರಂತೆ,” ಎಂದ. ಮೀಟರು ನೋಡಿ ದುಡ್ಡು ಎಣಿಸಿ ಇಟ್ಟು, “ಮೂರ್ ಸಲ ಫೋನ್ ಮಾಡಿದ್ರಂತೆ,” ಎಂದ.

“ಲೈನ್ ಸರಿ ಇರ್ಲಿಲ್ಲ,” ಎಂದೆ ನಾನು.

ಅವನು ನನ್ನನ್ನು ನೋಡಿದ. ಬಹಳ ಹೊತ್ತೇನಲ್ಲ. ಆಮೇಲೆ ಹೂಂ ಎಂದು ಹೋಗಿಬಿಟ್ಟ.

ಆ ಸಂಜೆ ಚಾದಂಗಡಿಯಲ್ಲಿ ಯಾರೋ ಕೇಳಿದರಂತೆ, ಮುಂಬೈಗೆ ಯಾವಾಗ ವಾಪಸು ಎಂದು. ಅವನು, “ನಾ ಬಿಟ್ಟೆ. ಕರೀತಾ ಇದ್ರು. ತುರಾಯಿ ತಲೆ ಮೇಲೆ ಇಟ್ಕಂಡು ಹ್ಯಾಂಗೆ ಹೋಗೂದು, ಬತ್ತಿಲ್ಲ ಅಂದೆ,” ಎಂದನಂತೆ. ಚಾದಂಗಡಿಯ ಮಾತು ಕತ್ತಲಾಗುವುದರೊಳಗೆ ಕೇರಿ ಮುಟ್ಟಿತು. ಗೋವಾ ಎಂದದ್ದಕ್ಕೆ ಮುನಿಸಿಕೊಂಡಿದ್ದವರೆಲ್ಲ ಕರಗಿಹೋದರು, ತುರಾಯಿ ತಲೆಯ ಮೇಲಿದ್ದಾಗ ಸುದ್ದಿ ಮುಟ್ಟಿದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. ಅವನ ಅಪ್ಪ ಕುಂಟುತ್ತಲೇ ಬೂತಿನವರೆಗೆ ಬಂದು, “ನಮ್ ಹುಡ್ಗ ದೇವ್ರ ಕೆಲ್ಸ ಬಿಡ್ಲಿಲ್ಲ ಕಾಣು,” ಎಂದು ಹೇಳಿ ಹೋದ. ನನ್ನ ಬಾಯಿಗೆ ಬೀಗ ಬಿದ್ದದ್ದು ಆವತ್ತು.

ಮಳೆಗಾಲ ಶುರುವಾಗುವ ಹೊತ್ತಿಗೆ ಆ ಆಲ್ಬಮಿನ ಹಾಡು ಟೀವಿಯಲ್ಲಿ ಬಂತು. ಐದು ಹುಡುಗರು, ಈ ಸಲ ಕಪ್ಪು ಅಂಗಿ. ಅವನ ಜಾಗದಲ್ಲಿ ಬೇರೆಯವನು ನಿಂತು ಕಣ್ಣು ಕೆಳಗೆ ಮಾಡುತ್ತಿದ್ದ. ಆ ಹುಡುಗ ಬಾಯಿ ತೆರೆದಾಗ ನಾನು ಎದ್ದು ನಿಂತೆ. ಸ್ವರ ನಮ್ಮವನದು! ಅದೇ ಎಳೆತ, ಅದೇ ತಟ್ಟನೆ ಬಿಡುವುದು. ಹಾಡಿಸಿಕೊಂಡದ್ದನ್ನು ಕಂಪನಿಯವರು ಬಿಟ್ಟಿರಲಿಲ್ಲ, ಮುಖವನ್ನಷ್ಟೇ ಬದಲಾಯಿಸಿದ್ದರು. ಅವನ ಅವ್ವನಿಗೂ ತಿಳಿಯಿತು. ಅವಳು ಆ ಮುಖವನ್ನು ನೋಡಿಕೊಂಡು, “ಇದ್ಯಾರ ಮಗ ಇಂವ…” ಎಂದು ಮೆಲ್ಲಗೆ ಅಂದಳು. ನಮ್ಮವನು ಅಂದು ನೋಡಲು ಬಂದಿರಲಿಲ್ಲ. ಸಮುದ್ರದ ದಂಡೆಯಲ್ಲಿ ಹಾರವಾಡದವರೆಗೆ ನಡೆದು ಹೋಗಿದ್ದನೆಂದು ಆಮೇಲೆ ತಿಳಿಯಿತು.

ಆ ಬ್ಯಾಂಡು ಹೆಚ್ಚು ದಿನ ಬಾಳಲಿಲ್ಲ. ಒಂದೆರಡು ವರ್ಷದಲ್ಲಿ ಹುಡುಗರು ಜಗಳವಾಡಿ ಚೆಲ್ಲಾಪಿಲ್ಲಿಯಾದರು. ‘ಹೋಗಿದ್ದರೂ ಅಷ್ಟೇ ಆಗುತ್ತಿತ್ತು’ ಎಂದು ನಾನು ನನಗೆ ಎಷ್ಟು ಸಲ ಹೇಳಿಕೊಂಡಿದ್ದೇನೋ. ಆದರೆ ಐವರಲ್ಲಿ ಒಬ್ಬ ಈಗಲೂ ಟೀವಿಯಲ್ಲಿ ಮಕ್ಕಳ ಹಾಡು ಕೇಳಿ ತೀರ್ಪು ಕೊಡುತ್ತಾನೆ. ಅವನು ಪರದೆಯ ಮೇಲೆ ಬಂದರೆ ನಾನು ಚಾನೆಲ್ಲು ತಿರುಗಿಸುತ್ತೇನೆ.

ನಮ್ಮವನು ಮತ್ತೊಮ್ಮೆ ಮುಂಬೈಗೆ ಹೋಗಿ ಎರಡು ತಿಂಗಳು ಇದ್ದು ಬಂದ. ಅಲ್ಲಿ ಏನಾಯಿತು ಎಂದು ಹೇಳಲಿಲ್ಲ, ನಾವೂ ಕೇಳಲಿಲ್ಲ. ಆಮೇಲೆ ಒಂದು ಕಡೆ ನೆಲೆ ನಿಂತವನಲ್ಲ. ಮದುವೆ ಆರ್ಕೆಸ್ಟ್ರಾಗಳಲ್ಲಿ ಹಾಡಿದ, ಬಿಟ್ಟ. ಮೀನಿನ ಲಾರಿಯಲ್ಲಿ ಹೋದ, ಬಿಟ್ಟ. ನೌಕಾನೆಲೆಯ ಕಡೆ ಗುತ್ತಿಗೆದಾರರ ಜೀಪು ಓಡಿಸಿದ. ಅದೊಂದೇ ಸ್ವಲ್ಪ ಹೆಚ್ಚು ದಿನ ನಡೆಯಿತು, ಚಕ್ರ ಉರುಳುತ್ತಿದ್ದರೆ ಅವನಿಗೆ ಸಮಾಧಾನ. ಮದುವೆಯಾದ. ಹೆಂಡತಿ ಅಂಗನವಾಡಿಯಲ್ಲಿ ಕೆಲಸ ಮಾಡುವ ಗಟ್ಟಿ ಹೆಂಗಸು. “ಇವ್ರು ಮನೇಲಿ ಇದ್ರೆ ಗಾಳಿ ಬೀಸಿದ ಹಂಗೆ ಆಗ್ತದೆ, ಒಂದ್ ಪಾತ್ರೆ ಇಟ್ಟಲ್ಲಿ ಇರೂದಿಲ್ಲ,” ಎಂದು ನನ್ನ ಹತ್ತಿರ ದೂರುತ್ತಿದ್ದಳು. ನಾನು ನಗುತ್ತಿದ್ದೆ. ಒಳಗೆ ಏನಾಗುತ್ತಿತ್ತೆಂದು ಅವಳಿಗೇನು ಗೊತ್ತು.

ಹಳೆಯ ಯಜಮಾನರು ತೀರಿಕೊಂಡ ಮೇಲೆ ಅವನೇ ಮೇಳದ ಯಜಮಾನನಾದ. ಹೊಸ ಹುಡುಗರಿಗೆ ಮೊದಲ ಸಲ ತುರಾಯಿ ಕಟ್ಟುವಾಗ ಪ್ರತಿವರ್ಷ ಆ ಕಥೆ ಹೇಳುತ್ತಿದ್ದ. ವರ್ಷದಿಂದ ವರ್ಷಕ್ಕೆ ಕಥೆ ಬೆಳೆಯಿತು. ಮ್ಯಾನೇಜರು ಅತ್ತನಂತೆ, ಕಾರು ಕಳಿಸುತ್ತೇನೆ ಎಂದನಂತೆ. ಕಥೆ ಹೇಳುವಾಗ ಒಮ್ಮೆಯೂ ನನ್ನ ಕಡೆ ನೋಡುತ್ತಿರಲಿಲ್ಲ. ನೋಡದೆ ಇರುವುದನ್ನೇ ನಾನು ಕಾಯುತ್ತಿದ್ದೆ. ಆ ಕಥೆ ಸುಳ್ಳು ಎಂದು ಗೊತ್ತಿದ್ದವಳು ಊರಲ್ಲಿ ನಾನೊಬ್ಬಳೇ. ಒಂದು ವರ್ಷ ತಡೆಯಲಾರದೆ ಅರ್ಧಕ್ಕೆ ಎದ್ದು ಮನೆಗೆ ಬಂದೆ, ಬಂದವಳು ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ.

ಎರಡು ವರ್ಷದ ಹಿಂದೆ ಅವನಿಗೆ ಕಿಡ್ನಿ ಕೆಟ್ಟಿತು. ವಾರಕ್ಕೆ ಎರಡು ಸಲ ಕಾರವಾರಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಹೆಂಡತಿಗೆ ಪ್ರತಿಸಲ ರಜೆ ಸಿಗುತ್ತಿರಲಿಲ್ಲ. ಬೂತು ಮುಚ್ಚಿ ಎಷ್ಟೋ ವರ್ಷವಾಗಿತ್ತು, ನಾನು ಮನೆಯಲ್ಲೇ ಹೊಲಿಗೆ ಮಾಡಿಕೊಂಡಿದ್ದೆ. ಜೊತೆಗೆ ನಾನು ಹೋಗುತ್ತೇನೆ ಎಂದೆ. ನಾಲ್ಕು ತಾಸು ಅಲ್ಲಾಡದೆ ಮಲಗಬೇಕು, ಅವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಕೈ ಅಲ್ಲಾಡಿಸಬೇಡಿ ಎಂದು ನರ್ಸು ಬಯ್ದರೆ ಹೊದಿಕೆಯೊಳಗೆ ಕಾಲ್ಬೆರಳು ಕುಣಿಸುತ್ತಿದ್ದ. ನಾನಾದರೂ ಆ ಪ್ಲಾಸ್ಟಿಕ್ ಕುರ್ಚಿಯಿಂದ ಹತ್ತು ಸಲ ಏಳುತ್ತಿದ್ದೆ, ನೀರು ತರುತ್ತೇನೆ, ಗಂಟೆ ನೋಡಿ ಬರುತ್ತೇನೆ ಎಂದು.

ಒಂದು ದಿನ ಏಳಲಿಲ್ಲ. ಅವನು ಎದ್ದು ಹೋಗುವಂತಿಲ್ಲ, ನಾನೂ ಹೋಗಬಾರದು ಎಂದು ಗಟ್ಟಿಮಾಡಿಕೊಂಡು, “ಕೇಣಿಗೆ ಬಂದಿದ್ದೆ ಅಲ್ಲ ಆವತ್ತು… ಹೇಳೂಕೇ ಬಂದಿದ್ದೆ,” ಎಂದು ಶುರುಮಾಡಿದೆ.

“ಬ್ಯಾಡ ಅಕ್ಕಾ,” ಎಂದ. ಕಣ್ಣು ಮೇಲಿನ ಫ್ಯಾನಿನ ಮೇಲಿತ್ತು. “ನಂಗೆ ಆವತ್ತೇ ತಿಳೀತು. ಲೈನ್ ಸರಿ ಇರ್ಲಿಲ್ಲ ಹೇಳಿ ನೀ ಅಂದೆ, ಅದೇ ಲೈನಲ್ಲಿ ನಾ ಆಗ ಮಾತಾಡಿ ಬಂದಿದ್ದೆ.”

“ಮತ್ತೆ ಯಾಕೆ ಕೇಳ್ಲಿಲ್ಲ?”

“ಕೇಳಿದ್ರೆ ನೀ ಖರೆ ಹೇಳ್ತಿದ್ದೆ. ಆಗ ನಾ ಬಿಟ್ಟು ಬಂದವ್ನಲ್ಲ, ಅವ್ರು ತೆಗ್ದು ಹಾಕಿದವ್ನು ಆಗ್ತಿದ್ದೆ. ಚಾದಂಗಡಿಲಿ ಆ ಮಾತು ನನ್ ಬಾಯಿಂದ ಹ್ಯಾಂಗೆ ಬಂತೋ ಗೊತ್ತಿಲ್ಲ. ಬಂದ್ಮೇಲೆ ಅದೇ ನಂಗೆ ಆಧಾರ ಆಯ್ತು. ಈಗ ಮಾತ್ರ ಬಾಯಿ ಬಿಡ್ಬ್ಯಾಡ. ನನ್ ಹತ್ರ ಇರೂದು ಅದೊಂದೇ.”

ನನ್ನ ಮೇಲೆ ಸಿಟ್ಟು ಬರಲಿಲ್ಲವೇ ಎಂದು ಕೇಳಿದೆ. ಅವನು ಯಂತ್ರದ ಕಡೆ ನೋಡಿ, “ಇನ್ನೂ ಎರಡ್ ತಾಸು ಅದೆ. ಒಂದ್ ಪದ ಹೇಳು ಕಾಂಬ,” ಎಂದ. ಆ ಕೋಣೆಯಲ್ಲಿ ಮತ್ತೂ ಐದಾರು ಜನ ಮಲಗಿದ್ದರು. ನಾನು ಸೆರಗು ಬಾಯಿಗೆ ಹಿಡಿದು ಸಣ್ಣ ದನಿಯಲ್ಲಿ ನಟ್ಟಿಯ ಒಂದು ಪದ ಹೇಳಿದೆ. ಆಚೆ ಹಾಸಿಗೆಯ ಮುದುಕ ಸ್ವಲ್ಪ ಜೋರಾಗಿ ಹೇಳಿ ಎಂದ. ನರ್ಸು ಬಾಗಿಲಲ್ಲಿ ನಿಂತಳು, ಬಯ್ಯಲಿಲ್ಲ. ಪದ ಮುಗಿದ ಮೇಲೆ ಅವನು, “ಎರಡ್ನೇ ಸಾಲಲ್ಲಿ ಉಸ್ರು ತಪ್ಪಿದೆ ನೀನು,” ಎಂದ. ಆಮೇಲೆ ಆ ವಿಷಯ ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ. ಅವನು ಕ್ಷಮಿಸಿದ್ದೇನೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಕಳೆದ ಮಳೆಗಾಲದ ಮೊದಲ ವಾರದಲ್ಲಿ ಅವನು ಹೋದ.

ಈಗ ಮೇಳದ ಹುಡುಗರು ಅವನ ನೆನಪಿಗೆ ಒಂದು ಸಣ್ಣ ಪುಸ್ತಕ ಮಾಡುತ್ತಿದ್ದಾರೆ. ಸುಗ್ಗಿಗಾಗಿ ಮುಂಬೈ ಬಿಟ್ಟು ಬಂದವನು ಎಂದು ರಟ್ಟಿನ ಮೇಲೆ ಹಾಕುತ್ತಾರಂತೆ. ಮೊನ್ನೆ ಜೆಲ್ಲಿನ ವಾಸನೆಯಿಂದ ತಲೆ ಕೆಟ್ಟು ನಾನು ಬಸ್ಸಿಳಿದು ಮನೆಗೆ ಬಂದರೆ, ಇಬ್ಬರು ಹುಡುಗರು ಜಗಲಿಯಲ್ಲಿ ಕಾಯುತ್ತಾ ಕೂತಿದ್ದರು. ಒಬ್ಬನ ಕೈಯಲ್ಲಿ ಮೊಬೈಲು, ನನ್ನ ಮಾತನ್ನು ತುಂಬಿಕೊಳ್ಳಲು. “ಅಕ್ಕೋರೆ, ಫೋನ್ ಬಂದದ್ದು ನಿಮ್ ಬೂತಿಗೇ ಅಲ್ರಾ? ಏನಾಯ್ತು ಹೇಳಿ, ನೀವ್ ಹೇಳಿದ್ರೆ ಅದಕ್ಕೊಂದು ಸಾಕ್ಷಿ,” ಎಂದರು.

ಅವರಿಗೆ ಚಾ ಮಾಡುವ ನೆಪದಲ್ಲಿ ಒಳಗೆ ಹೋದೆ. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಖರೆ ಹೇಳಿಬಿಡೋಣ, ಈಗಲಾದರೂ ಈ ಭಾರ ಇಳಿಯಲಿ ಎಂದು ಒಂದು ಮನಸ್ಸು. ಅವನು ಬೇಡವೆಂದದ್ದು ಇನ್ನೊಂದು ಕಡೆ. ಹೊರಗೆ ಬಂದು ನಿಂತುಕೊಂಡೇ ಹೇಳಿದೆ: “ಹೌದು, ಬಂದಿತ್ತು. ನಾನೇ ಬಿಸಿಲಲ್ಲಿ ಕೇಣಿಗೆ ಹೋಗಿ ಹೇಳಿದೆ. ಅಂವ ಬತ್ತಿಲ್ಲ ಅಂದ.”

ಹುಡುಗರಿಗೆ ಬಹಳ ಖುಷಿಯಾಯಿತು. ಅವರಲ್ಲಿ ಸಣ್ಣವನು, “ಅಷ್ಟ್ ಬಿಸಿಲಲ್ಲಿ ಹೇಳೂಕೆ ಹೋಗಿದ್ರಲ್ಲ ಅಕ್ಕೋರೆ, ಅದ್ನೂ ಹಾಕ್ತೆವು,” ಎಂದ. ಹೀಗೆ, ಅವನ ಕಥೆಯಲ್ಲಿ ನನಗೂ ಒಂದು ಒಳ್ಳೆಯ ಜಾಗ ಸಿಕ್ಕಿತು. ಅವನ ಮಾನ ಉಳಿಸಲು ಹೇಳಿದೆನೋ ನನ್ನದನ್ನೋ, ಆವತ್ತಿನಿಂದ ಯೋಚಿಸುತ್ತಿದ್ದೇನೆ, ತಿಳಿಯುತ್ತಿಲ್ಲ. ನಿದ್ದೆಯೂ ಸರಿ ಇಲ್ಲ, ಹೊಲಿಗೆಯೂ ಸೊಟ್ಟ ಹೋಗುತ್ತಿದೆ. ಅವನಿದ್ದಿದ್ದರೆ ಈ ಮಾತು ಕೇಳಿ ಏನೆನ್ನುತ್ತಿದ್ದ… ನಗುತ್ತಿದ್ದನೋ, ಇಷ್ಟು ವರ್ಷ ಬಯ್ಯದೆ ಇಟ್ಟುಕೊಂಡದ್ದನ್ನೆಲ್ಲ ಸೇರಿಸಿ ಬಯ್ಯುತ್ತಿದ್ದನೋ. ಬಯ್ದಿದ್ದರೂ ಆಗುತ್ತಿತ್ತು. ಇಷ್ಟು ದಿನ ಆ ಸುಳ್ಳಿನ ಒಂದು ತುದಿಯನ್ನು ಅವನು ಹಿಡಿದಿದ್ದ, ಒಂದು ತುದಿಯನ್ನು ನಾನು. ಈಗ ಎರಡೂ ನನ್ನ ಕೈಯಲ್ಲೇ ಇವೆ, ಇಳಿಸಲು ಹೇಳುವವರು ಯಾರೂ ಇಲ್ಲ.